ಶಾಮನೂರು ಬ್ರೇಕರೂ ಭಾವನ ಅರ್ಜಿಯೂ

ಮುರುಗೇಶಪ್ಪ: ಒಳಗ ಬರಲ್ಲ ಅಂದ್ರ ಬರಲ್ಲ! ಹೊಸ್ತಿಲ ಆಚೆ ನಿಂತೇ ಕೇಳ್ತೀನಿ. ಮೊನ್ನೆ ಊರಿಗೆಲ್ಲ ಕರೆಂಟು ತೆಗೆದೋರು ನೀವು ಹೌದೋ ಅಲ್ಲೋ?

ಕೊಟ್ಟೂರಪ್ಪ: ನಾ ತೆಗೀಲಿಲ್ಲ ಭಾವ. ಅದೇ ಹೋತು.

ಮುರುಗೇಶಪ್ಪ: ಅದೇ ಹೋಗಾಕೆ ಅದೇನು ಹಗ್ಗ ಬಿಚ್ಕೊಂಡ ಎಮ್ಮೀನಾ?

ಕೊಟ್ಟೂರಪ್ಪ: ಬಿಚ್ಕೋಬೇಕಾಗಿದ್ದು ಬಿಚ್ಕೊಳ್ಳಲಿಲ್ಲ. ಅದಕ್ಕ ಉಳಿದೋವೆಲ್ಲ ಬಿಚ್ಕೊಂಡ್ವು.

ಮುರುಗೇಶಪ್ಪ: ಕೇಳಿದೇನವ್ವಾ ಶಾಂತಾ, ನಿನ್ನ ಗಂಡನ ಮಾತು?

ಗುರುಶಾಂತಮ್ಮ: ಹದಿಮೂರು ವರ್ಷದಿಂದ ಕೇಳ್ತಾ ಇದೀನಿ ಅಣ್ಣಾ. ಅರ್ಧ ತಿಳೀತೈತೆ, ಇನ್ನರ್ಧ ತಿಳಿದಂಗೆ ತಲೆ ಆಡಿಸ್ತೀನಿ. ಒಳಗ ಬಾ, ರೊಟ್ಟಿ ಬಿಸಿ ಐತೆ.

ಮುರುಗೇಶಪ್ಪ: ಈ ಮನ್ಯಾಗ ನಂಗೆ ರೊಟ್ಟೀನೂ ಬ್ಯಾಡ, ನೀರೂ ಬ್ಯಾಡ.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ, ಜೋಗದ ಕಡೆಯಿಂದ ಬರುವ ಕರೆಂಟನ್ನು ಇಳಿಸಿಕೊಂಡು ಸುತ್ತಲಿನ ಊರುಗಳಿಗೆ ಹಂಚುವ ಸ್ಟೇಷನ್ನು ಇತ್ತು. ಅದರ ತಂತಿಬೇಲಿಗೆ ಬೆನ್ನು ಕೊಟ್ಟುಕೊಂಡಿದ್ದ ಕ್ವಾರ್ಟರ್ಸಿನಲ್ಲಿ ಆಪರೇಟರ್ ಕೊಟ್ಟೂರಪ್ಪನ ಸಂಸಾರ. ೧೯೬೭ನೆಯ ಇಸವಿ, ಬುಧವಾರದ ಬೆಳಿಗ್ಗೆ. ಕೊಟ್ಟೂರಪ್ಪನಿಗೆ ವಾರದ ರಜೆ. ಹೊಸ್ತಿಲಾಚೆ ಕೊಡೆ ಊರಿಕೊಂಡು ನಿಂತವನು ಅವನ ಹೆಂಡತಿಯ ಅಣ್ಣ, ದಾವಣಗೆರೆಯ ಶೇಂಗಾ ವ್ಯಾಪಾರಿ ಮುರುಗೇಶಪ್ಪ. ಸೋಮವಾರ ಅವನ ಹೊಸ ಎಣ್ಣೆ ಮಿಲ್ಲಿನ ಆರಂಭೋತ್ಸವ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ಮುಹೂರ್ತ. ಗುಂಡಿ ಒತ್ತಲು ಬಂದವರು ಹತ್ತಿ ವ್ಯಾಪಾರದ ಹಿರಿಯರಾದ ಉಜ್ಜನಪ್ಪನವರು. ಅವರ ಕೈಗುಣಕ್ಕೆ ಇಡೀ ಪೇಟೆ ಕೈಮುಗಿಯುತ್ತಿತ್ತು. ಅವರು ಬಾಗಿಲು ತೆಗೆದ ಅಂಗಡಿ ಮುಚ್ಚಿದ್ದಿಲ್ಲ, ಅವರು ಪೂಜೆ ಮಾಡಿದ ಲಾರಿ ಮಗುಚಿದ್ದಿಲ್ಲ. ಅಂಥವರು ಹಸಿರು ಗುಂಡಿ ಒತ್ತಿದರು. ಮೋಟಾರು ಮಿಸುಕಲಿಲ್ಲ. ಮತ್ತೆ ಒತ್ತಿದರು. ಮೂರನೆಯ ಸಲ ಹೆಬ್ಬೆರಳಿಟ್ಟು ಒತ್ತಿದರು. ಆಮೇಲೆ ಊಟವನ್ನೂ ಮಾಡದೆ ಟಾಂಗಾ ಹತ್ತಿ ಮನೆಗೆ ಹೋಗಿಬಿಟ್ಟರು.

ಮುರುಗೇಶಪ್ಪ: ಎರಡು ದಿನದಿಂದ ಆ ಮನಿಷ್ಯಾ ಮನೆ ಬಿಟ್ಟು ಹೊರಗ ಬಂದಿಲ್ರೀ. ನಾಳೆ ಯಾರದೋ ಜವಳಿ ಅಂಗಡಿ ತೆಗೀಬೇಕಾಗಿತ್ತು. ಅಂಗಡಿಯೋರು ಇವರ ಕೈ ಬ್ಯಾಡ ಅಂದು ಬ್ಯಾರೆಯೋರನ್ನ ಕರೆದಾರಂತೆ. ಯಾರಿಂದ? ನಿಮ್ಮಿಂದ!

ಕೊಟ್ಟೂರಪ್ಪ: ನಂಗೂ ಉಜ್ಜನಪ್ಪನೋರಿಗೂ ಏನು ದ್ವೇಷ?

ಮುರುಗೇಶಪ್ಪ: ಅವರ ಮ್ಯಾಲಲ್ಲ, ನನ್ನ ಮ್ಯಾಲೆ. ಮನೆಗೆ ಬಂದು ಕರೀಲಿಲ್ಲ, ಕಾರ್ಡನ್ನ ಅಂಚೆಗೆ ಹಾಕಿದೆ ಅಂತ ಸಿಟ್ಟು. ಸಿಟ್ಟು ಬಂದಿರಲಿಲ್ಲ ಅಂತ ನನ್ನ ಮುಖ ನೋಡಿ ಹೇಳ್ರಿ.

ಕೊಟ್ಟೂರಪ್ಪ: ಬಂದಿತ್ತು. ಸ್ವಂತ ತಂಗಿ ಗಂಡಗ ಯಾರರೆ ಅಂಚೇಲಿ ಕರೀತಾರೇನು? ಅದೂ ವಿಳಾಸದಾಗ ‘ಕೊಟ್ಟೂರಪ್ಪ, ಕರೆಂಟು’ ಅಂತ ಬರೆದಿದ್ರಿ.

ಮುರುಗೇಶಪ್ಪ: ನೋಡು ಶಾಂತಾ, ಒಪ್ಕೊಂಡ!

ಕೊಟ್ಟೂರಪ್ಪ: ಸಿಟ್ಟು ಬಂತು ಅಂತ ಒಪ್ಕೊಂಡೆ, ಕರೆಂಟು ತೆಗೆದೆ ಅಂತಲ್ಲ. ಬೇಜಾರಾದಾಗೆಲ್ಲ ಕರೆಂಟು ತೆಗೆಯೋನಾಗಿದ್ರೆ, ನಿಮ್ಮ ತಂಗೀನ ಮದ್ವೆ ಆದ ದಿನದಿಂದ ಈ ಊರು ಬುಡ್ಡಿ ದೀಪದಾಗೇ ಇರ್ತಿತ್ತು.

ಗುರುಶಾಂತಮ್ಮ: ನನ್ನ ಯಾಕ ನಡುವೆ ಎಳೀತೀರಿ?

ಮುರುಗೇಶಪ್ಪ: ಹಂಗಾದ್ರ ಕರೆಂಟು ಯಾಕ ಹೋತು? ಅದನ್ನರೆ ಹೇಳ್ರಿ.

ಕೊಟ್ಟೂರಪ್ಪ ಗಂಟಲು ಸರಿಮಾಡಿಕೊಂಡ. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅವನು ಎರಡು ದಿನದಿಂದ ಕಾಯುತ್ತಿದ್ದ. ಆದರೆ ಕೇಳುವವನು ಸಮಾಧಾನದಿಂದ ಕೇಳಲಿ ಎಂದೂ ಆಸೆಪಟ್ಟಿದ್ದ, ಅದು ಕೈಗೂಡಲಿಲ್ಲ.

ಕೊಟ್ಟೂರಪ್ಪ: ಶಾಮನೂರು ಕಡೆ ಒಂದು ಹದ್ದು ಹಾವು ಹಿಡ್ಕೊಂಡು ಹಾರ್ತಿತ್ತು. ಕಂಬದ ಮ್ಯಾಲೆ ಕುಂತ್ಕೊಳ್ಳಾಕ ಹೋಗಿ ಹಾವನ್ನ ಬಿಟ್ಟುಬಿಡ್ತು. ಹಾವು ಎರಡು ತಂತಿಗೆ ಅಡ್ಡ ಬಿತ್ತು.

ಮುರುಗೇಶಪ್ಪ: ಅಯ್ಯಯ್ಯೋ! ಹಾವು ಅಡ್ಡ ಬಂದ್ರ ಅಪಶಕುನ.

ಗುರುಶಾಂತಮ್ಮ: ಅದು ಬಂದಿದ್ದು ಶಾಮನೂರಾಗ ಅಣ್ಣಾ. ನಿನ್ನ ಮಿಲ್ಲಿಗೂ ಅದಕ್ಕೂ ಎಷ್ಟು ದೂರ!

ಮುರುಗೇಶಪ್ಪ: ನಾನೂ ಅದನ್ನೇ ಕೇಳೋದು. ಹಾವು ಶಾಮನೂರಾಗ ಬಿದ್ರ ಶಾಮನೂರಿಂದು ತೆಗೀರಿ. ನಂದ್ಯಾಕ ತೆಗೆದ್ರಿ?

ಕೊಟ್ಟೂರಪ್ಪ: ಶಾಮನೂರಿಂದೇ ಹೋಗಬೇಕಾಗಿತ್ತು. ಆದ್ರ ಅದರ ಬ್ರೇಕರ್ ಫೇಲ್ ಆತು.

ಮುರುಗೇಶಪ್ಪ: ಬ್ರೇಕ್ ಫೇಲಾ?

ಕೊಟ್ಟೂರಪ್ಪ: ಹೂಂ. ನಿಮ್ಮದೂ ಶಾಮನೂರಿಂದೂ ಇರೋದು ಒಂದೇ ಬಸ್ಸಿನಾಗ. ಅದಕ್ಕ ಬಸ್ಸಿನಾಗ ಇದ್ದೋವೆಲ್ಲ ಟ್ರಿಪ್ ಆದ್ವು.

ಮುರುಗೇಶಪ್ಪನ ಕೈಯಲ್ಲಿದ್ದ ಕೊಡೆ ಕೆಳಗೆ ಬಿತ್ತು.

ಮುರುಗೇಶಪ್ಪ: ಯಾವ ಬಸ್ಸು? ಹರಿಹರದ್ದಾ? ಸೋಮವಾರ ನಮ್ಮತ್ತಿ ಹರಿಹರದ ಬಸ್ಸಿಗೆ ಬರ್ತೀನಿ ಅಂದಿದ್ರು, ಬರಲೇ ಇಲ್ಲ! ಯಾರಿಗೇನಾತು? ಆಸ್ಪತ್ರೆಗೆ ಸೇರಿಸ್ಯಾರಾ?

ಕೊಟ್ಟೂರಪ್ಪ: ಅಯ್ಯೋ, ಆ ಬಸ್ಸಲ್ಲ ಭಾವ! ಇಲ್ಲಿ ಯಾರ್ಡಿನಾಗ ಉದ್ದಕ ಒಂದು ದಪ್ಪ ತಂತಿ ಐತೆ. ಜೋಗದಿಂದ ಬಂದ ಕರೆಂಟೆಲ್ಲ ಅದಕ್ಕ ಬರ್ತೈತೆ. ಅಲ್ಲಿಂದ ಐದು ಲೈನಿಗೆ ಹೋಗ್ತೈತೆ. ಆ ತಂತಿಗೆ ನಾವು ಬಸ್ ಅಂತೀವಿ.

ಮುರುಗೇಶಪ್ಪ: ತಂತಿಗೆ ಬಸ್ ಅಂತೀರಿ. ಹೋಗ್ಲಿ, ಟ್ರಿಪ್ ಅಂದ್ರ?

ಕೊಟ್ಟೂರಪ್ಪ: ತಾನಾಗೇ ಬಿಚ್ಕೊಂಡು ಕರೆಂಟು ನಿಲ್ಸೋದು.

ಮುರುಗೇಶಪ್ಪ: ನಮ್ಮ ಲಾರಿ ಹೊಂಟ್ರ ಟ್ರಿಪ್ಪು. ನಿಮ್ಮದು ನಿಂತ್ರ ಟ್ರಿಪ್ಪು. ಬಸ್ಸು, ಬ್ರೇಕು, ಟ್ರಿಪ್ಪು... ನೀವು ಕರೆಂಟಿನೋರೋ ಬಸ್ ಸ್ಟ್ಯಾಂಡಿನ ಏಜೆಂಟರೋ?

ಗುರುಶಾಂತಮ್ಮ: ನಿಮ್ಮತ್ತೀಗೆ ಏನೂ ಆಗಿಲ್ಲ ಹಂಗಾದ್ರ?

ಮುರುಗೇಶಪ್ಪ: ಆಗಿಲ್ಲಂತೆ. ಅದು ಬ್ಯಾರೆ ಸುದ್ದಿ.

ಸ್ವಲ್ಪ ನಿರಾಸೆಯಾದವನಂತೆ ಮುರುಗೇಶಪ್ಪ ಕೊಡೆ ಎತ್ತಿಕೊಂಡ. ಎತ್ತಿಕೊಳ್ಳುವ ಗಡಿಬಿಡಿಯಲ್ಲಿ ಒಂದು ಕಾಲು ಹೊಸ್ತಿಲ ಒಳಗೆ ಬಂದಿತ್ತು. ಗುರುಶಾಂತಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ಒಂದು ಮಣೆ ಹಾಕಿದಳು. ಅವನು ಅದನ್ನು ನೋಡದವನ ಹಾಗೆ ಅದರ ಮೇಲೆ ಕೂತ.

ಕೊಟ್ಟೂರಪ್ಪ: ಕೇಳ್ರಿ ಭಾವ. ಒಂದೊಂದು ಲೈನಿಗೂ ಒಂದೊಂದು ಬ್ರೇಕರ್ ಐತೆ. ಎಣ್ಣೆ ತುಂಬಿದ ದೊಡ್ಡ ಡ್ರಮ್ಮು ಇದ್ದಂಗೆ. ಲೈನಿನಾಗ ಏನರೆ ಕೆಟ್ರ, ಒಳಗಿರೋ ರಿಲೇ ಅದಕ್ಕ ‘ಬಿಚ್ಚು’ ಅಂತ ಹೇಳ್ತೈತೆ.

ಮುರುಗೇಶಪ್ಪ: ರಿಲೇ ಅಂದ್ರ ಯಾರು? ಮದ್ರಾಸಿನೋನಾ?

ಕೊಟ್ಟೂರಪ್ಪ: ಮನಿಷ್ಯಾ ಅಲ್ರೀ. ಗ್ವಾಡೆಗೆ ಹಾಕಿರೋ ಪೆಟ್ಟಿಗೆ, ಮುಂದ ಗಾಜು ಐತೆ. ಸೋಮವಾರ ಅದು ಬಿಚ್ಚು ಅಂತು. ಶಾಮನೂರು ಬ್ರೇಕರ್ ಬಿಚ್ಚಲಿಲ್ಲ. ಒಳಗ ಗ್ರೀಸ್ ಒಣಗಿ ಕೊಕ್ಕೆ ಕಚ್ಕೊಂಡಿತ್ತು.

ಗುರುಶಾಂತಮ್ಮ: ಬಿಚ್ಚಲಿಲ್ಲ ಅಂತ ಪೆಟ್ಟಿಗೇಗೆ ಹೆಂಗೆ ಗೊತ್ತಾಗ್ತೈತೆ?

ಕೊಟ್ಟೂರಪ್ಪ ಹೆಂಡತಿಯ ಕಡೆ ತಿರುಗಿದ. ಇಂಥ ಪ್ರಶ್ನೆ ಇಲಾಖೆಯ ದೊಡ್ಡವರಿಂದಲೂ ಅವನಿಗೆ ಬಂದಿರಲಿಲ್ಲ.

ಕೊಟ್ಟೂರಪ್ಪ: ಅದೇ ಹೊಸದು! ಹೋದ ವರ್ಷ ಇನ್ನೊಂದು ಪೆಟ್ಟಿಗೆ ಹಾಕ್ಯಾರೆ. ಮೊದಲನೇದು ಬಿಚ್ಚು ಅಂದ ತಕ್ಷಣ ಇದು ಎಣಿಸಾಕ ಶುರು ಮಾಡ್ತೈತೆ. ಅರ್ಧ ಸೆಕೆಂಡು ಕಾಯ್ತೈತೆ. ಆಮ್ಯಾಲೆ ಆ ಲೈನಿನಾಗ ಕರೆಂಟು ನಿಂತೈತೋ ಇಲ್ಲೋ ನೋಡ್ತೈತೆ. ನಿಂತಿದ್ರ ತಾನೂ ಸುಮ್ಮನಾಗ್ತೈತೆ. ಇನ್ನೂ ಹರೀತಿದ್ರ, ಇವನು ಕೈ ಕೊಟ್ಟ ಅಂತ ತಿಳ್ಕೊಂಡು, ಬಸ್ಸಿನ ಮ್ಯಾಲಿರೋ ಉಳಿದೋವಕ್ಕೆಲ್ಲ ಬಿಚ್ರಿ ಅಂತ ಹೇಳ್ತೈತೆ.

ಗುರುಶಾಂತಮ್ಮ: ಹೇಳಿದ್ದು ಆತೋ ಇಲ್ಲೋ ಅಂತ ತಿರುಗಿ ನೋಡ್ತೈತೆ ಅನ್ರಿ.

ಕೊಟ್ಟೂರಪ್ಪ: ಹೂಂ.

ಗುರುಶಾಂತಮ್ಮ: ಅದರ ಪಕ್ಕ ಇಷ್ಟು ದಿನ ಕೂತೀರಿ, ನಿಮಗದು ಬರಲಿಲ್ಲ.

ಮುರುಗೇಶಪ್ಪ: ನಿಲ್ಲವ್ವಾ. ಕೊಟ್ಟೂರಪ್ಪನೋರೆ, ತಪ್ಪು ಮಾಡಿದ್ದು ಶಾಮನೂರಿನ ಡ್ರಮ್ಮು. ಶಿಕ್ಷೆ ನನ್ನ ಡ್ರಮ್ಮಿಗೆ. ಇದು ಯಾವ ನ್ಯಾಯ? ಪಕ್ಕದ ಮನೆಯೋನು ಬಾಗಿಲು ಹಾಕ್ಲಿಲ್ಲ ಅಂತ ನನ್ನ ಮನೆ ಬಾಗಿಲು ಹಾಕಿಸ್ತೀರಾ?

ಕೊಟ್ಟೂರಪ್ಪ: ಶಿಕ್ಷೆ ಅಲ್ಲ ಭಾವ. ಬಸ್ಸಿಗೆ ಕರೆಂಟು ಬರ್ತಿರೋ ತನಕ ಅದು ಹಾವಿನ ಕಡೆ ಹರೀತಾನೇ ಇರ್ತೈತೆ. ಬರೋದನ್ನೇ ನಿಲ್ಸಬೇಕು. ನಿಲ್ಸಿದ್ರ ಎಲ್ಲರದೂ ನಿಲ್ತೈತೆ. ಬ್ಯಾರೆ ದಾರಿ ಇಲ್ಲ.

ಮುರುಗೇಶಪ್ಪ: ಒಂದು ಹತ್ತು ನಿಮಿಷ ಹರೀಲಿ ಬಿಡ್ರಿ! ಹಾವು ಸುಟ್ಟು ಹೋಗ್ಲಿ. ಉಜ್ಜನಪ್ಪನೋರು ಗುಂಡಿ ಒತ್ತಿದ ಮ್ಯಾಲೆ ನಿಲ್ಸಿ ಅಂತ ಹೇಳಾಕ ಬಾಯಿ ಇರಲಿಲ್ಲೇನು?

ಕೊಟ್ಟೂರಪ್ಪ ಎದ್ದು ಗೂಟದಲ್ಲಿದ್ದ ಅಂಗಿ ಹಾಕಿಕೊಂಡ.

ಗುರುಶಾಂತಮ್ಮ: ಎಲ್ಲಿಗ್ರಿ?

ಕೊಟ್ಟೂರಪ್ಪ: ತೋರಿಸಿ ಬಿಡ್ತೀನಿ. ಬಾಯಾಗ ಹೇಳಿದ್ರ ಆಗಲ್ಲ.

ಮುರುಗೇಶಪ್ಪ: ತೋರಿಸೋದೇನೂ ಬ್ಯಾಡ. ತೋರಿಸೋರು ಬರ್ತಾರ. ನಾನು ಸೋಮವಾರ ಸಂಜೇನೇ ಡಿವಿಜನ್ ಆಫೀಸಿಗೆ ಅರ್ಜಿ ಕೊಟ್ಟೀನಿ.

ಗುರುಶಾಂತಮ್ಮ: ಏನಂತ?

ಮುರುಗೇಶಪ್ಪ: ಏನಂತ ಅಂದ್ರ... ‘ಆಪರೇಟರ್ ಕೊಟ್ಟೂರಪ್ಪ ಎಂಬುವರು ಸಂಬಂಧದ ಮನಸ್ತಾಪದಿಂದ ಉದ್ದೇಶಪೂರ್ವಕವಾಗಿ ಇಡೀ ಊರಿನ ವಿದ್ಯುತ್ ನಿಲ್ಲಿಸಿ ನನ್ನ ಮಾನ ಕಳೆದಿರುತ್ತಾರೆ, ಅವರ ಮೇಲೆ ಸೂಕ್ತ ಕ್ರಮ’...

ಒಲೆಯ ಮೇಲಿದ್ದ ರೊಟ್ಟಿ ಹೊತ್ತುವ ವಾಸನೆ ಬಂತು. ಗುರುಶಾಂತಮ್ಮ ಅದನ್ನು ತಿರುವಲು ಹೋಗಲಿಲ್ಲ.

ಗುರುಶಾಂತಮ್ಮ: ಸೂಕ್ತ ಕ್ರಮ ಅಂದ್ರೇನಣ್ಣಾ?

ಮುರುಗೇಶಪ್ಪ: ಅದು... ಅರ್ಜಿ ಬರಿಯೋನು ಹಾಕಿದ್ದವ್ವಾ. ಎಲ್ಲಾ ಅರ್ಜಿಗೂ ಕೊನೆಗೆ ಅದನ್ನ ಹಾಕ್ತಾನೆ.

ಗುರುಶಾಂತಮ್ಮ: ಕೆಲಸದಿಂದ ತೆಗೆದ್ರ? ನನ್ನ ಇಬ್ಬರು ಮಕ್ಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ? ನಿನ್ನ ಮಿಲ್ಲಿಗೆ ಶೇಂಗಾ ಸುಲಿಯಾಕ ಬರ್ಲೇನು?

ಮುರುಗೇಶಪ್ಪ: ಹಂಗ್ಯಾಕ ಅಂತೀ...

ಗುರುಶಾಂತಮ್ಮ: ಸೋಮವಾರ ನಾ ನಿನ್ನ ಮಿಲ್ಲಿನಾಗ ಹೆಂಗಸರ ಸಾಲಿನಾಗ ಕುಂತಿದ್ದೆ. ಮೈಕಿನ ತುತ್ತೂರಿ ನನ್ನ ಕಿವಿಗೇ ಹಿಡಿದಂಗೆ ಕಟ್ಟಿದ್ರಿ. ಬಂದು ಒಂದು ಮಾತು ಕೇಳಿದ್ಯಾ ನೀನು? ಅರ್ಜಿ ಬರಿಸಾಕ ಹೋದೆ. ಏಳು, ಅವರು ತೋರಿಸ್ತೀನಿ ಅಂತಾರೆ, ನೋಡು ನಡಿ.

ಮುರುಗೇಶಪ್ಪ ಎದ್ದ. ಪೇಟೆಯಲ್ಲಿ ಅವನೆದುರು ಧ್ವನಿ ಏರಿಸುವವರು ಇರಲಿಲ್ಲ. ತಂಗಿಯ ಎದುರು ಅವನ ಧ್ವನಿಯೇ ಇರಲಿಲ್ಲ.

ಕಂಟ್ರೋಲ್ ರೂಮಿನ ಒಳಗೆ ಹೊರಗಿನವರನ್ನು ಬಿಡುವ ಹಾಗಿಲ್ಲ. ಮೂವರೂ ವೆರಾಂಡದ ಕಿಟಕಿಯ ಬಳಿ ನಿಂತರು. ಒಳಗೆ ಗೋಡೆಯುದ್ದಕ್ಕೂ ಕಪ್ಪು ಪೆಟ್ಟಿಗೆಗಳು. ಹಿಂದೆ ಯಾರ್ಡಿನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

ಕೊಟ್ಟೂರಪ್ಪ: ಅಗೋ ಆ ಪೆಟ್ಟಿಗೆ ಗಾಜಿನೊಳಗ ಸಣ್ಣ ಕೆಂಪು ಬಿಲ್ಲೆ ಬಿದ್ದೈತೆ, ಕಾಣ್ತೈತಾ? ಅದು ಶಾಮನೂರಿಂದು. ಅದರ ಪಕ್ಕದಾಗ ಇನ್ನೊಂದು ಬಿದ್ದೈತೆ, ಅದು ಹೊಸದು. ಪೆಟ್ಟಿಗೆ ‘ಬಿಚ್ಚು’ ಅಂತ ಹೇಳಿದ್ರ ಮಾತ್ರ ಬಿಲ್ಲೆ ಬೀಳ್ತೈತೆ. ನಾ ಕೈಯಾಗ ತೆಗೆದಿದ್ರ ಒಂದು ಬಿಲ್ಲೇನೂ ಬೀಳ್ತಿರಲಿಲ್ಲ. ಇಂಜಿನಿಯರ್ ಬಂದು ನೋಡೋ ತನಕ ಮುಟ್ಟಬಾರ್ದು ಅಂತ ಹಂಗೇ ಬಿಟ್ಟೀನಿ.

ಮುರುಗೇಶಪ್ಪ: ಬಿಲ್ಲೆ ಸಾಕ್ಷಿ ಹೇಳ್ತೈತೆ ಅಂತೀರಿ.

ಕೊಟ್ಟೂರಪ್ಪ: ಲಂಚ ತಗೊಳ್ಳಲ್ಲ, ಸಂಬಂಧ ನೋಡಲ್ಲ. ಇನ್ನು ಹತ್ತು ನಿಮಿಷ ಬಿಡಬಹುದಿತ್ತು ಅಂದ್ರಲ್ಲ, ಅದನ್ನ ಹೇಳ್ತೀನಿ ಕೇಳ್ರಿ. ಮದ್ವೆಗೆ ಮುಂಚೆ ನಾ ಬ್ಯಾರೆ ಒಂದು ಸ್ಟೇಷನ್ನಿನಾಗ ಇದ್ದೆ. ಅಲ್ಲಿ ಈ ಹೊಸ ಪೆಟ್ಟಿಗೆ ಇರಲಿಲ್ಲ. ಒಂದಿನ ಹಿಂಗೇ ಒಂದು ಬ್ರೇಕರ್ ಕಚ್ಕೊಂತು. ನನ್ನ ಜೊತೆಗೆ ಮಾರಣ್ಣ ಅಂತ ಇದ್ದ. ಬಲೇ ಧೈರ್ಯಸ್ಥ. ಕೈಯಾಗೇ ಬಿಚ್ತೀನಿ ಅಂತ ಯಾರ್ಡಿಗೆ ಓಡಿದ. ನಾ ‘ಬ್ಯಾಡೋ ಮಾರಣ್ಣಾ’ ಅಂತ ಕೂಗಿದೆ. ಅವನು ಡ್ರಮ್ಮಿನ ಹತ್ರ ಹೋಗೋದಕ್ಕೂ ಅದು ಒಡಿಯೋದಕ್ಕೂ ಸರಿಹೋತು. ಕಾದ ಎಣ್ಣೆ ಎಲ್ಲಾ ಅವನ ಮೈ ಮ್ಯಾಲೆ.

ಹದಿಮೂರು ವರ್ಷದ ಸಂಸಾರದಲ್ಲಿ ಗುರುಶಾಂತಮ್ಮನೂ ಇದನ್ನು ಕೇಳಿರಲಿಲ್ಲ.

ಗುರುಶಾಂತಮ್ಮ: ಬದುಕಿದ್ನಾ?

ಕೊಟ್ಟೂರಪ್ಪ: ಬದುಕಿದ. ಬಲಗೈ ಹೋತು. ಈಗ ಊರಾಗ ಎಲೆ ಅಡಿಕೆ ಅಂಗಡಿ ಇಟ್ಕೊಂಡಾನೆ, ಎಡಗೈಯಾಗೇ ಸುಣ್ಣ ಹಚ್ತಾನೆ. ಟ್ರಾನ್ಸ್‌ಫಾರ್ಮರೂ ಸುಟ್ಟುಹೋತು. ಹೊಸದು ಹಡಗಿನಾಗ ಬರಬೇಕು. ಎಂಟು ತಿಂಗಳು ಆ ಊರಿಗೆ ದಿನಕ್ಕೆ ನಾಕು ತಾಸು ಕರೆಂಟು ಅಷ್ಟೇ.

ಮುರುಗೇಶಪ್ಪ: ಎಂಟು ತಿಂಗಳಾ?

ಕೊಟ್ಟೂರಪ್ಪ: ಎಂಟು. ಸೋಮವಾರ ಹಾವು ಬಿದ್ದಾಗ ಈ ಟ್ರಾನ್ಸ್‌ಫಾರ್ಮರ್ ಗರ್ರ್ ಅಂತ ನರಳ್ತು ಭಾವ. ಅರ್ಧ ಸೆಕೆಂಡೇ. ನಂಗೆ ಮಾರಣ್ಣನೇ ಕಂಡ. ಕುರ್ಚಿಯಿಂದ ಏಳಾಕ ಆಗ್ಲಿಲ್ಲ ನಂಗೆ. ಅಷ್ಟ್ರಾಗ ಧಡ ಧಡ ಧಡ ಅಂತ ಉಳಿದ ಬ್ರೇಕರೆಲ್ಲ ಬಿಚ್ಕೊಂಡು ಗಪ್ ಆತು. ಆ ಸದ್ದು ಕೇಳಿ ಕೈ ಮುಗಿದೆ. ಆಮ್ಯಾಲೆ ಶಾಮನೂರಿಂದನ್ನ ಬ್ಯಾರೆ ಮಾಡಿ, ಫೋನ್ ಮಾಡಿ ಅಪ್ಪಣೆ ತಗೊಂಡು, ಒಂದೊಂದಾಗಿ ಎಲ್ಲಾ ಲೈನು ಕೊಡೋದ್ರಾಗ ನಲವತ್ತು ನಿಮಿಷ ಆತು.

ಮುರುಗೇಶಪ್ಪ ಕಿಟಕಿಯ ಸರಳು ಹಿಡಿದುಕೊಂಡು ಬಹಳ ಹೊತ್ತು ಆ ಕೆಂಪು ಬಿಲ್ಲೆಗಳನ್ನೇ ನೋಡಿದ. ತುಟಿ ಮಿಸುಕುತ್ತಿತ್ತು. ನಲವತ್ತು ನಿಮಿಷವನ್ನು ಎಂಟು ತಿಂಗಳ ಪಕ್ಕದಲ್ಲಿಟ್ಟು ನೋಡಲು ವ್ಯಾಪಾರಸ್ಥನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮುರುಗೇಶಪ್ಪ: ಎಲ್ಲಾ ಸರಿ. ಆದ್ರ ಉಜ್ಜನಪ್ಪನೋರ ಕೈ? ಅವರು ಒತ್ತಿದ ಗಳಿಗ್ಗೇ ಹೋತಲ್ಲ. ಅದಕ್ಕೇನು ಹೇಳ್ಲಿ?

ಗುರುಶಾಂತಮ್ಮ: ಎಷ್ಟೊತ್ತಿಗೆ ಹೋತು ಅಂತ ಬರೆದಿರ್ತೀರೇನ್ರಿ?

ಕೊಟ್ಟೂರಪ್ಪ: ನಿಮಿಷ ಸಮೇತ ಬರೀತೀವಿ. ಹನ್ನೊಂದು ಹದಿನೇಳು.

ಗುರುಶಾಂತಮ್ಮ: ಅಣ್ಣಾ, ಉಜ್ಜನಪ್ಪನೋರು ಒತ್ತಿದ್ದು ಎಷ್ಟಕ್ಕೆ?

ಮುರುಗೇಶಪ್ಪ: ಇಪ್ಪತ್ತಕ್ಕೆ ಸರಿಯಾಗಿ. ಮುಹೂರ್ತ ಇಟ್ಟ ಅಯ್ನೋರು ಗಡಿಯಾರ ಹಿಡ್ಕೊಂಡೇ ನಿಂತಿದ್ರು.

ಗುರುಶಾಂತಮ್ಮ: ಅದಕ್ಕ ಮುಂಚೆ ಭಾಷಣ ಮಾಡ್ತಿದ್ರಲ್ಲ, ಅರ್ಧದಾಗ ಮೈಕು ನಿಂತುಹೋತು. ನೀನು ಮೈಕಿನೋನಿಗೆ ಕಣ್ಣು ಬಿಟ್ಟೆ. ನಂಗೆ ಚೆನ್ನಾಗಿ ನೆಪ್ಪೈತೆ, ಯಾಕಂದ್ರ ನನ್ನ ಕಿವಿಗೆ ಅವಾಗ ಜೀವ ಬಂತು.

ಮುರುಗೇಶಪ್ಪ: ಹೌದೌದು! ಮೈಕು ಕೆಟ್ಟೈತೆ ಅಂತ ಅವನಿಗೆ ಬೈದೆ. ಆಮ್ಯಾಲೂ ಉಜ್ಜನಪ್ಪನೋರು ಬರೇ ಬಾಯಾಗ ಒಂದೆರಡು ನಿಮಿಷ ಮಾತಾಡಿದ್ರು...

ಗುರುಶಾಂತಮ್ಮ: ಮೈಕು ಕೆಟ್ಟಿರಲಿಲ್ಲ. ಕರೆಂಟು ಅವಾಗ್ಲೇ ಹೋಗಿತ್ತು. ಅವರು ಒತ್ತೋದಕ್ಕೆ ಮೂರು ನಿಮಿಷ ಮುಂಚೆ.

ಮುರುಗೇಶಪ್ಪ ತಂಗಿಯನ್ನು ನೋಡಿದ, ತಂಗಿಯ ಗಂಡನನ್ನು ನೋಡಿದ, ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಮುರುಗೇಶಪ್ಪ: ಹಂಗಾದ್ರ ಅವರ ಕೈಯಾಗ ಏನೂ ತಪ್ಪಿಲ್ಲ! ಯಪ್ಪಾ, ಈಗ್ಲೇ ಹೋಗಿ ಹೇಳ್ಬೇಕು. ಮುದುಕ ಎರಡು ದಿನದಿಂದ ಕೈ ನೋಡ್ಕೊಂಡು ಕುಂತಾನಂತೆ.

ಕೊಟ್ಟೂರಪ್ಪ: ಹೋಗ್ರಿ. ನನ್ನ ವಿಷ್ಯ ಆಮ್ಯಾಲೆ ನೋಡಿದ್ರಾತು.

ಮುರುಗೇಶಪ್ಪ: ಕೊಟ್ಟೂರಪ್ಪನೋರೆ... ಒಂದು ಮಾತು. ನಾ ಕಾರ್ಡು ಅಂಚೆಗೆ ಹಾಕಿದ್ದು ನಿಮ್ಮನ್ನ ಕಡೆಗಣಿಸಿ ಅಲ್ಲ. ಇಲ್ಲಿಗೆ ಬಂದ್ರ ಇವಳು ಊಟ ಹಾಕದೆ ಬಿಡಲ್ಲ. ಉಂಡ್ರ ನಿದ್ದೆ ಬರ್ತೈತೆ. ಒಂದು ದಿನ ಪೂರಾ ಹೋಗ್ತೈತೆ ಅಂತ...

ಗುರುಶಾಂತಮ್ಮ: ನನ್ನ ಊಟಕ್ಕೆ ಹೆದರಿ ಅಂಚೆಗೆ ಹಾಕಿದ್ಯಾ?

ಅಷ್ಟರಲ್ಲಿ ಗೇಟಿನಲ್ಲಿ ಜೀಪು ನಿಂತಿತು. ಇಳಿದವರು ಈ ಸ್ಟೇಷನ್ನಿನ ಉಸ್ತುವಾರಿಯ ಇಂಜಿನಿಯರ್ ಕರಿಬಸವರಾಜ. ಕೈಯಲ್ಲೊಂದು ಫೈಲು. ಕೊಟ್ಟೂರಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಗುರುಶಾಂತಮ್ಮ ಸೆರಗು ಹೊದ್ದುಕೊಂಡು ಕಂಬದ ಮರೆಗೆ ಸರಿದಳು, ಆದರೆ ಮಾತು ಕೇಳಿಸುವಷ್ಟೇ ಮರೆಗೆ.

ಕರಿಬಸವರಾಜ: ಏನ್ರಿ ಕೊಟ್ಟೂರಪ್ಪ, ರಜಾ ದಿನಾನೂ ಇಲ್ಲೇ? ನಿಮ್ಮ ಮ್ಯಾಲೊಂದು ಅರ್ಜಿ ಬಂದೈತಲ್ರಿ. ಮುರುಗೇಶಪ್ಪ ಅಂತ ಯಾರೋ.

ಮುರುಗೇಶಪ್ಪ: ಯಾರೋ ಅಲ್ಲ ಸಾಹೇಬ್ರೆ, ನಾನೇ. ಅರ್ಜಿ ವಾಪಸ್ ತಗೋತೀನಿ. ಕೊಡ್ರಿ ಇಲ್ಲಿ.

ಕರಿಬಸವರಾಜ: ಹಂಗೆಲ್ಲ ವಾಪಸ್ ಕೊಡಾಕ ಬರಲ್ಲ, ಮ್ಯಾಲೆ ಹೋಗೈತೆ. ಮೊದಲು ನೋಡೋದು ನೋಡ್ತೀನಿ.

ಅವರು ಒಳಗೆ ಹೋದರು. ಪೆಟ್ಟಿಗೆಗಳ ಮುಂದೆ ಒಂದೊಂದಾಗಿ ನಿಂತರು, ಕೆಂಪು ಬಿಲ್ಲೆಗಳನ್ನು ಬರೆದುಕೊಂಡರು, ಲಾಗ್ ಪುಸ್ತಕ ತಿರುವಿದರು. ಹೊರಗೆ ಮುರುಗೇಶಪ್ಪ ನಿಂತಲ್ಲಿ ನಿಲ್ಲಲಿಲ್ಲ. ಅವರು ಹೊರಗೆ ಬಂದು ಕನ್ನಡಕ ತೆಗೆದರು.

ಕರಿಬಸವರಾಜ: ಕೈಯಾಗ ತೆಗೆದಿಲ್ಲ. ಅದು ಖಾತ್ರಿ. ಆದ್ರ ಇನ್ನೊಂದು ತೊಂದ್ರೆ ಐತೆ. ಪೇಟೆಯಿಂದ ಮೂರು ನಾಕು ಮಿಲ್ಲಿನೋರು ಬಂದು ಹೇಳ್ಯಾರೆ, ‘ಆ ಹೊಸ ಪೆಟ್ಟಿಗೆಯಿಂದಾನೇ ಊರೆಲ್ಲ ನಿಂತಿದ್ದು, ಅದನ್ನ ಕಿತ್ತುಹಾಕ್ರಿ’ ಅಂತ. ಮ್ಯಾಲಿನೋರೂ ಯೋಚನೆ ಮಾಡಾಕ ಹತ್ಯಾರ.

ಮುರುಗೇಶಪ್ಪ: ಯಾವ ಮಿಲ್ಲಿನೋರ್ರಿ ಅವರು? ಹೆಸರು ಹೇಳ್ರಿ! ತಲ್ಯಾಗ ಏನೈತೆ ಅವರಿಗೆ? ಒಂದೇ ಬಸ್ಸಿನಾಗ ಕುಂತೀವಿ ಸಾಹೇಬ್ರೆ, ಶಾಮನೂರಿನೋನಿಗೆ ಬ್ರೇಕ್ ಫೇಲಾದ್ರ ಎಲ್ಲರೂ ಟ್ರಿಪ್ ಆಗ್ಲೇಬೇಕು!

ಕರಿಬಸವರಾಜ: ಯಾವ ಬಸ್ಸು?

ಮುರುಗೇಶಪ್ಪ: ದಪ್ಪ ತಂತೀದು! ಪೆಟ್ಟಿಗೆ ಅರ್ಧ ಸೆಕೆಂಡು ತಿರುಗಿ ನೋಡ್ತೈತೆ. ಕೈ ಕೊಟ್ಟ ಅಂದ್ರ ಮುಗೀತು, ಧಡ ಧಡ ಧಡ! ಅದನ್ನ ಕಿತ್ತು ಹಾಕಿ ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡು ಎಂಟು ತಿಂಗಳು ಹಡಗಿನ ದಾರಿ ಕಾಯ್ತಾರೇನು? ಇವತ್ತೇ ಪೇಟೆಗೆ ಹೋಗಿ ಒಬ್ಬೊಬ್ಬರಿಗೂ ತಿಳಿಸ್ತೀನಿ. ಪೆಟ್ಟಿಗೆ ಮುಟ್ಟಿದ್ರ ನಾ ಸುಮ್ಮನಿರಲ್ಲ.

ಕರಿಬಸವರಾಜ ಕೊಟ್ಟೂರಪ್ಪನ ಕಡೆ ತಿರುಗಿದರು.

ಕರಿಬಸವರಾಜ: ನಿಮ್ಮ ಮ್ಯಾಲೆ ಅರ್ಜಿ ಬರೆದೋರು ಇವರೇನಾ?

ಕೊಟ್ಟೂರಪ್ಪ: ಇವರೇ ಸಾರ್. ನನ್ನ ಹೆಂಡತಿ ಅಣ್ಣ.

ಕರಿಬಸವರಾಜ: ಭಲೇ ಮನಿಷ್ಯಾ. ಕೇಳ್ರಿ ಮುರುಗೇಶಪ್ಪನೋರೆ. ಈ ಕೊಟ್ಟೂರಪ್ಪ ಶಾಮನೂರು ಬ್ರೇಕರ್ ಗಟ್ಟಿ ಆಗೈತೆ, ಬಿಚ್ಚಿ ಸರಿ ಮಾಡಿಸ್ರಿ ಅಂತ ಹೋದ ವರ್ಷದಿಂದ ಐದು ಸಲ ಬರೆದಾರೆ. ಐದೂ ಕಾಗದ ಯಾವುದೋ ಮೇಜಿನಾಗ ಮಲಗಿದ್ವು. ಮಂಗಳವಾರ ನಿಮ್ಮ ಅರ್ಜಿ ಬಂತು. ‘ಉದ್ದೇಶಪೂರ್ವಕ’ ಅನ್ನೋ ಮಾತು ಕಂಡಿದ್ದೇ ತಡ, ಆಫೀಸಿಗೆ ಆಫೀಸ್ ಎದ್ದು ನಿಂತು, ಹಳೇ ಕಾಗದ ಎಲ್ಲಾ ಹುಡುಕಿ ತೆಗೆದ್ರು. ನಾಳೆ ಬೆಳಿಗ್ಗೆ ಫಿಟ್ಟರುಗಳು ಬರ್ತಾರೆ. ಶಾಮನೂರಿಂದಷ್ಟೇ ಅಲ್ಲ, ಐದೂ ಬ್ರೇಕರ್ ಬಿಚ್ಚಿ ಸರಿ ಮಾಡಾಕ ಹುಕುಂ ಆಗೈತೆ.

ಕೊಟ್ಟೂರಪ್ಪ: ಐದೂನಾ ಸಾರ್?

ಕರಿಬಸವರಾಜ: ಐದೂ. ನೀವು ಐದು ಸಲ ವಿನಯದಿಂದ ಕೇಳಿದ್ದು ಆಗ್ಲಿಲ್ಲ, ಇವರು ಒಂದು ಸಲ ಬೈದಿದ್ದಕ್ಕ ಆತು.

ಇಂಜಿನಿಯರು ಜೀಪು ಹತ್ತಿ ಹರಿಹರದ ಕಡೆ ಹೋದರು. ಕೊಟ್ಟೂರಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಮುರುಗೇಶಪ್ಪ ಮೀಸೆ ತಿರುವಿಕೊಂಡ. ತಾನು ತಂಗಿಯ ಗಂಡನ ಮೇಲೆ ದೂರು ಬರೆದವನು ಎಂಬುದು ಅವನಿಗೆ ಆಗಲೇ ಮರೆತುಹೋಗಿ, ಊರಿಗೆ ಉಪಕಾರ ಮಾಡಿದವನು ಎಂಬುದಷ್ಟೇ ನೆನಪಿತ್ತು.

ಮುರುಗೇಶಪ್ಪ: ನೋಡಿದ್ರಾ ಕೊಟ್ಟೂರಪ್ಪನೋರೆ, ನನ್ನ ಅರ್ಜಿ ಅಂದ್ರ ಏನಂತ ತಿಳಿದಿದ್ರಿ! ಇನ್ನು ನಾ ಹೊರಡ್ತೀನಿ, ಉಜ್ಜನಪ್ಪನೋರ ಮನೆಗೆ ಹೋಗ್ಬೇಕು.

ಗುರುಶಾಂತಮ್ಮ ಮನೆಯೊಳಗೆ ಹೋಗಿ ಬಂದಳು. ಕೈಯಲ್ಲಿ ತಟ್ಟೆ ಇರಲಿಲ್ಲ. ಮಕ್ಕಳ ಸ್ಲೇಟಿನ ಮೇಲೆ ಒಂದು ಬಿಳಿ ಹಾಳೆ, ಮಸಿ ಕುಡಿಕೆ, ಲೇಖನಿ ಇದ್ದವು.

ಗುರುಶಾಂತಮ್ಮ: ಕುಂತ್ಕೊ ಅಣ್ಣಾ. ಇನ್ನೊಂದು ಅರ್ಜಿ ಬರಿ.

ಮುರುಗೇಶಪ್ಪ: ಯಾರ ಮ್ಯಾಲವ್ವಾ?

ಗುರುಶಾಂತಮ್ಮ: ಇವರ ಮ್ಯಾಲೇ. ನಲ್ಲಿ ಹಾಕಿಸ್ರಿ ಅಂತ ಇವರು ವಿನಯದಿಂದ ಬರೆದ ಕಾಗದಾನೂ ಯಾವುದೋ ಮೇಜಿನಾಗ ಮಲಗೈತೆ. ‘ಆಪರೇಟರ್ ಕೊಟ್ಟೂರಪ್ಪ ಎಂಬುವರು ಹೆಂಡತಿಯ ಮೇಲಿನ ಹಳೆಯ ದ್ವೇಷದಿಂದ ಉದ್ದೇಶಪೂರ್ವಕವಾಗಿ ನಾಲ್ಕು ವರ್ಷದಿಂದ ಕ್ವಾರ್ಟರ್ಸಿಗೆ ನೀರಿನ ನಲ್ಲಿ ಬಾರದಂತೆ ತಡೆದಿರುತ್ತಾರೆ’ ಅಂತ ಬರಿ. ಬೈಗುಳ ದಪ್ಪ ಅಕ್ಷರದಾಗ ಇರ್ಲಿ.